ಪ್ಲೇಗು ಕಟ್ಟಿದ ಬಡಾವಣೆ: ಮಲ್ಲೇಶ್ವರದ ಹುಟ್ಟು, ನಮ್ಮ ಓಣಿಯ ನಂಟು

(ಮೇಡ್ಲೇರಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹಳೆಯ ಊರುಗಳ ಓಣಿಗಳ ಬಗ್ಗೆ ಮಾತಾಡಬೇಕೆಂದು ಕರೆದಿದ್ದೀರಿ. ನಾನು ಬೆಂಗಳೂರಿನ ಮಲ್ಲೇಶ್ವರದ ಕಥೆ ಹೇಳಲು ಹೊರಟಿದ್ದೇನೆ. ‘ಇಲ್ಲಿಯ ಓಣಿ ಬಿಟ್ಟು ಬೆಂಗಳೂರಿಗೇಕೆ ಹೋದ?’ ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ಮಲ್ಲೇಶ್ವರ ಒಂದು ಬಡಾವಣೆಯಾಗಿ ಬೆಳೆಯಲು ಯಾವ ರೋಗ ಕಾರಣವಾಯಿತೋ ಆ ರೋಗ ಬೆಂಗಳೂರಿಗೆ ಹೋದದ್ದು ನಮ್ಮ ಕಡೆಯಿಂದಲೇ, ಇದೇ ರೈಲಿನ ದಾರಿಯಲ್ಲಿ.

ದಾರಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಹುಬ್ಬಳ್ಳಿ ಬಿಟ್ಟರೆ ಕುಂದಗೋಳ, ಯಲವಿಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಚಳಗೇರಿ. ತುಂಗಭದ್ರೆ ದಾಟಿದರೆ ಹರಿಹರ. ಅಲ್ಲಿಂದ ದಾವಣಗೆರೆ, ಬೀರೂರು, ಅರಸೀಕೆರೆ, ತುಮಕೂರು, ಯಶವಂತಪುರ. ಬೆಂಗಳೂರಿನ ದೊಡ್ಡ ನಿಲ್ದಾಣ ಸೇರುವ ಮುಂಚೆ ಒಂದು ಸಣ್ಣ ನಿಲ್ದಾಣ ಸಿಗುತ್ತದೆ. ಅದರ ಹೆಸರು ಮಲ್ಲೇಶ್ವರ. ರಾಣೆಬೆನ್ನೂರಿನಲ್ಲಿ ಹತ್ತಿ ಬೆಂಗಳೂರಿಗೆ ಹೋಗುವ ಪ್ರತಿಯೊಬ್ಬರೂ ಆ ಹಲಗೆಯನ್ನು ಕಿಟಕಿಯಿಂದ ನೋಡಿರುತ್ತಾರೆ, ಬಹುಮಂದಿ ಆಗ ಗಂಟುಮೂಟೆ ಇಳಿಸುವ ಗಡಿಬಿಡಿಯಲ್ಲಿರುತ್ತಾರೆ ಅಷ್ಟೆ.

ಮೊದಲು ಹಳೆಯ ಊರು ಹೇಗಿತ್ತು ಎಂಬುದನ್ನು ನೋಡೋಣ. ನಮ್ಮ ಕಡೆಯ ಓಣಿಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆಗಳು, ಮುಂದೆ ಕೂಡಲು ಕಟ್ಟೆ. ಬಾಗಿಲು ದಾಟಿದರೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಅದಕ್ಕೆ ಗೋದಲಿ. ಮೆಟ್ಟಿಲೇರಿದರೆ ಪಡಸಾಲೆ, ಅದರಾಚೆ ಅಡಿಗೆಮನೆ. ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಕಾಳು ಇರುತ್ತಿದ್ದುದು ಹಗೇವಿನಲ್ಲಿ. ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಹಗೇವನ್ನು ಈಗಿನ ಹುಡುಗರು ನೋಡಿರಲಿಕ್ಕಿಲ್ಲ. ಒಳಗಿನ ಗಾಳಿ ಕೆಟ್ಟಿರುವುದರಿಂದ ಬಾಯಿ ತೆರೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಕಾಯಬೇಕು.

ಓಣಿಗೆ ಹೆಸರು ಬರುತ್ತಿದ್ದುದು ಅಲ್ಲಿರುವ ಜನರಿಂದ. ಗೌಡರ ಓಣಿ, ಕುಂಬಾರ ಓಣಿ, ಕುರುಬರ ಓಣಿ. ಯಾವ ಓಣಿಯವನು ಎಂದು ಕೇಳಿದರೆ ಸಾಕು, ಆತನ ಜಾತಿ, ಕಸುಬು, ಆತ ಯಾವ ಬಾವಿಯ ನೀರು ಕುಡಿಯುತ್ತಾನೆ ಎಂಬುದೆಲ್ಲ ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು. ಕೇರಿ ಊರ ಹೊರಗಿತ್ತು. ಓಣಿಯ ಒಗ್ಗಟ್ಟನ್ನು ಹೊಗಳುವವರು ಈ ಮಾತನ್ನು ಬಿಟ್ಟು ಹೊಗಳುತ್ತಾರೆ. ಒಗ್ಗಟ್ಟು ಇತ್ತು, ನಿಜ. ಅದಕ್ಕೆ ಬೇಲಿಯೂ ಇತ್ತು.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರಿನ ಪೇಟೆಯೂ ಮೂಲದಲ್ಲಿ ಇಂಥದೇ, ಗಾತ್ರ ಮಾತ್ರ ದೊಡ್ಡದು. ನಾವು ಓಣಿ ಎಂದರೆ ಅಲ್ಲಿ ‘ಪೇಟೆ’ ಎನ್ನುತ್ತಾರೆ. ಅಕ್ಕಿಪೇಟೆ, ತರಗುಪೇಟೆ, ಅರಳೆಪೇಟೆ, ಬಳೇಪೇಟೆ ಎಂಬ ಹೆಸರುಗಳಲ್ಲಿ ಸರಕು ಇದೆ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂಬಲ್ಲಿ ಜನ ಇದ್ದಾರೆ. ಕೆಳಗೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ, ಪಕ್ಕದಲ್ಲಿ ಕಾಳಿನ ಗೋದಾಮು. ಇದೇ ಜೋಡಣೆ ಮುಂದೆ ಮೃತ್ಯುವಿಗೆ ಹಾಸಿದ ಹಾಸಿಗೆಯಾಯಿತು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ನಮ್ಮ ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ದಕ್ಷಿಣ ಮರಾಠಾ ರೈಲ್ವೆಯ ಹಳಿಗಳು 1880ರ ದಶಕದಲ್ಲಿ ಹಾಕಿದವು. ಅರಳೆಯೂ ಕಾಳೂ ಹೋಗುವ ದಾರಿಯಲ್ಲಿ ಇಲಿಯೂ ಹೋಯಿತು. 1898ರ ಹೊತ್ತಿಗೆ ಹುಬ್ಬಳ್ಳಿ ಪ್ಲೇಗಿನ ದೊಡ್ಡ ನೆಲೆಯಾಗಿತ್ತು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತಯಾರಿಸಿ, ಮೊದಲು ತನಗೇ ಚುಚ್ಚಿಕೊಂಡು ಪರೀಕ್ಷಿಸಿದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಿದರು. ಸಾರ್ವಜನಿಕ ಲಸಿಕೆಯ ಚರಿತ್ರೆಯಲ್ಲಿ ಹುಬ್ಬಳ್ಳಿಗೆ ಒಂದು ಸ್ಥಾನ ದೊರೆತದ್ದು ಹೀಗೆ. ಈ ಸಂಗತಿ ನಮ್ಮ ಶಾಲೆಯ ಪುಸ್ತಕಗಳಲ್ಲಿ ಇನ್ನಷ್ಟು ಜಾಗ ಪಡೆಯಬೇಕಿತ್ತು.

1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದ ರೈಲ್ವೆ ಅಧಿಕಾರಿಯೊಬ್ಬರ ಬಟ್ಲರನಲ್ಲಿ ಪ್ಲೇಗು ಪತ್ತೆಯಾಯಿತು. ಬೆಂಗಳೂರಿನ ಮೊದಲ ಪ್ಲೇಗಿನ ಪ್ರಕರಣ ಎಂದು ದಾಖಲೆಗಳು ಹೇಳುವುದು ಅದನ್ನೇ. ಪಾಪ, ಎಲ್ಲ ದೋಷವನ್ನೂ ಒಬ್ಬ ಆಳಿನ ಮೇಲೆ ಹೊರಿಸುವುದು ಚರಿತ್ರೆಯ ಹಳೆಯ ಚಾಳಿ. ಆತ ಬಾರದೆ ಇದ್ದರೂ ಧಾನ್ಯದ ಚೀಲಗಳೊಂದಿಗೆ ರೋಗ ಬಂದೇ ಬರುತ್ತಿತ್ತು. ಕೆಲವೇ ವಾರಗಳಲ್ಲಿ ಪೇಟೆಯ ತುಂಬ ‘ಇಲಿ ಬಿತ್ತು’ ಎಂಬ ಮಾತು ಹಬ್ಬಿತು. ಇಲಿ ಬಿದ್ದಿತೆಂದರೆ ಊರು ಬಿಡುವ ಕಾಲ ಬಂತು ಎಂದೇ ಅರ್ಥ. ನಮ್ಮ ಹಳ್ಳಿಗಳಲ್ಲಿಯೂ ಹೀಗೆಯೇ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು.

ಸರ್ಕಾರದ ಕ್ರಮಗಳು ರೋಗಕ್ಕಿಂತ ಹೆಚ್ಚು ಭಯ ಹುಟ್ಟಿಸಿದವು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತ್ತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಕಂಕುಳು ಮುಟ್ಟಿ ಪರೀಕ್ಷೆ. ರೋಗಿಯನ್ನು ಎತ್ತಿಕೊಂಡು ಹೋಗಿ ಬೇರೆ ಶಿಬಿರದಲ್ಲಿ ಇಡುವುದು. ಬಿಸಿಲು ಬೀಳಲೆಂದು ಮನೆಯ ಹೆಂಚು ಕೀಳುವುದು, ಸುಣ್ಣ ಬಳಿಯುವುದು. ಪುಣೆಯಲ್ಲಿ ಇಂಥ ಬಲಾತ್ಕಾರಕ್ಕೆ ಸಿಟ್ಟೆದ್ದು 1897ರ ಜೂನಿನಲ್ಲಿ ಪ್ಲೇಗು ಅಧಿಕಾರಿ ರಾಂಡ್‌ನನ್ನು ಗುಂಡಿಟ್ಟು ಕೊಂದರು. ಮೈಸೂರು ಸಂಸ್ಥಾನದಲ್ಲಿ ಆಗ ಕೆ. ಶೇಷಾದ್ರಿ ಅಯ್ಯರ್ ದಿವಾನರು, ವಿ.ಪಿ. ಮಾಧವರಾವ್ ಪ್ಲೇಗು ಕಮಿಷನರು. ಜನರು ಅತ್ತ ಸರ್ಕಾರಕ್ಕೂ ಹೆದರಿ ಇತ್ತ ರೋಗಕ್ಕೂ ಹೆದರಿ ಪ್ಲೇಗಮ್ಮನಿಗೆ, ಪ್ಲೇಗಿನ ಮಾರಿಯಮ್ಮನಿಗೆ ಗುಡಿ ಕಟ್ಟಿದರು. ಅವುಗಳಲ್ಲಿ ಕೆಲವು ಇಂದಿಗೂ ಪೂಜೆಗೊಳ್ಳುತ್ತಿವೆ. 1891ರಲ್ಲಿ ದಂಡುಪ್ರದೇಶವೂ ಸೇರಿ ಸುಮಾರು 1 ಲಕ್ಷ 80 ಸಾವಿರವಿದ್ದ ಬೆಂಗಳೂರಿನ ಜನಸಂಖ್ಯೆ 1901ರ ಗಣತಿಯಲ್ಲಿ ಸುಮಾರು 1 ಲಕ್ಷ 59 ಸಾವಿರಕ್ಕೆ ಇಳಿಯಿತು. ಸತ್ತವರು, ಓಡಿಹೋದವರು ಇಬ್ಬರೂ ಈ ಲೆಕ್ಕದಲ್ಲಿದ್ದಾರೆ.

ಪೇಟೆಯ ಹೊರಗೆ ಹೊಸ ಬಡಾವಣೆಗಳು ಬೇಕೆಂಬ ಯೋಚನೆ 1890ರ ದಶಕದ ಆರಂಭದಲ್ಲೇ ಇತ್ತು. ಪ್ಲೇಗು ಅದಕ್ಕೆ ಅವಸರ ತಂದಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ. ಎರಡೂ ಹಳೆಯ ದೇವರ ಹೆಸರಿನ ಹೊಸ ಊರುಗಳು. ಬಸವನಗುಡಿಯ ದೊಡ್ಡ ಬಸವಣ್ಣನನ್ನು ಎಲ್ಲರೂ ಬಲ್ಲರು. ಮಲ್ಲೇಶ್ವರದ ದೇವರು ಕಾಡು ಮಲ್ಲೇಶ್ವರ. ಶಿವಾಜಿಯ ಮಲಸಹೋದರ ವೆಂಕೋಜಿ 1669ರಲ್ಲಿ ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ಶಾಸನ ಅಲ್ಲಿದೆ. ಹಾಗೆಂದರೆ ‘ಕಾಡು’ ಎಂಬುದು ಬರಿಯ ಅಲಂಕಾರವಲ್ಲ, ಪೇಟೆಯವರ ಪಾಲಿಗೆ ಅದು ಊರಾಚೆಯ ದೇವರು.

ಹೊಸ ಬಡಾವಣೆಯ ನಕ್ಷೆ ಪೇಟೆಗೆ ತದ್ವಿರುದ್ಧ. ನೇರ ರಸ್ತೆಗಳು, ಅವನ್ನು ಅಡ್ಡಡ್ಡ ಕತ್ತರಿಸುವ ಕ್ರಾಸುಗಳು. ಮನೆಗೆ ಮನೆ ತಾಗುವಂತಿಲ್ಲ, ಸುತ್ತ ಜಾಗ ಬಿಡಬೇಕು. ಮುಂದೆ ತೋಟ, ಹಿಂದೆ ಹಿತ್ತಲು. ಎರಡು ದೊಡ್ಡ ರಸ್ತೆಗಳಿಗೆ ಮರದ ಹೆಸರು: ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ. ಮಾರ್ಗೋಸಾ ಎಂದರೆ ಯಾವುದೋ ದೇಶದ ಮರವಲ್ಲ, ನಮ್ಮ ಬೇವೇ. ಬೇವಿನ ರಸ್ತೆ ಎಂದಿದ್ದರೆ ಎಷ್ಟು ಚೆನ್ನಾಗಿತ್ತು!

ಇಲ್ಲಿ ಸ್ವಲ್ಪ ನಿಂತು ಒಂದು ವಿಚಿತ್ರವನ್ನು ಗಮನಿಸಬೇಕು. ಈ ಅಗಲ ರಸ್ತೆ, ಗಾಳಿ, ಬೆಳಕು ಎಲ್ಲದರ ಹಿಂದೆ ಇದ್ದುದು ರೋಗದ ಬಗ್ಗೆ ಅರ್ಧ ತಪ್ಪಾದ ತಿಳುವಳಿಕೆ. ಪ್ಲೇಗಿನ ಸೂಕ್ಷ್ಮಜೀವಿಯನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಆದರೆ ಅದು ಮನುಷ್ಯನಿಗೆ ಹೇಗೆ ತಾಗುತ್ತದೆ ಎಂಬುದು ಅಧಿಕಾರಿಗಳಿಗೆ ತಿಳಿದಿರಲಿಲ್ಲ. ಕೊಳಕು ನೆಲ, ತೇವ, ಕೆಟ್ಟ ಗಾಳಿ, ಇಕ್ಕಟ್ಟು ಇವೇ ಕಾರಣವೆಂದು ಬಹುಮಂದಿ ನಂಬಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ದಾಟಿಸುತ್ತದೆ ಎಂದು ಫ್ರೆಂಚ್ ವೈದ್ಯ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿದ್ದು ಅದೇ 1898ರಲ್ಲಿ. ಅವನ ಮಾತನ್ನು ಆಗ ಯಾರೂ ಅಷ್ಟಾಗಿ ಲೆಕ್ಕಿಸಲಿಲ್ಲ. ಅದು ಖಚಿತವಾಗಿ ಸಿದ್ಧವಾಗಲು ಇನ್ನೂ ಏಳೆಂಟು ವರ್ಷಗಳು ಬೇಕಾದವು.

ಹಾಗಾದರೆ ಹೊಸ ಬಡಾವಣೆಗೆ ಹೋದವರು ಹೇಗೆ ಪಾರಾದರು? ಅವರನ್ನು ಕಾಪಾಡಿದ್ದು ಗಾಳಿಯಲ್ಲ. ಮನೆಯಿಂದ ಕಾಳಿನ ಗೋದಾಮು ದೂರವಾಯಿತು. ಗೋಡೆಗಳು ಬೇರೆಯಾದಾಗ ಒಂದು ಮನೆಯ ಮಾಡಿನಿಂದ ಇನ್ನೊಂದು ಮನೆಯ ಮಾಡಿಗೆ ಇಲಿ ಓಡುವ ದಾರಿ ಕಡಿಯಿತು. ಔಷಧಿಯ ಹೆಸರು ತಪ್ಪಿದ್ದರೂ ಗುಣ ಕೊಟ್ಟಂತಾಯಿತು. ನಮ್ಮವರು ಹೊಲದಲ್ಲಿ ಗುಡಿಸಲು ಹಾಕಿ ಉಳಿದುಕೊಂಡದ್ದಕ್ಕೂ ಇದೇ ಕಾರಣ. ಯಾವ ಕಮಿಷನರೂ ಹೇಳದೆ ನಮ್ಮ ರೈತರು ಕಂಡುಕೊಂಡ ಉಪಾಯವನ್ನೇ ಸರ್ಕಾರ ಸೈಟು, ಚರಂಡಿ, ನಕ್ಷೆಗಳೊಂದಿಗೆ ಶಾಶ್ವತ ಮಾಡಿತು ಎನ್ನಬಹುದು.

ಈಗ ಹೆಸರಿನ ವಿಷಯಕ್ಕೆ ಬರೋಣ. ಪೇಟೆಯಲ್ಲಿ ರಸ್ತೆಗೆ ಜಾತಿಯ ಹೆಸರಿತ್ತು. ಮಲ್ಲೇಶ್ವರದಲ್ಲಿ ಅಂಕಿ ಬಂತು: ಎಂಟನೇ ಕ್ರಾಸ್, ಹದಿನೈದನೇ ಕ್ರಾಸ್, ಹದಿನೆಂಟನೇ ಕ್ರಾಸ್. ಅಂಕಿಗೆ ಜಾತಿಯಿಲ್ಲ. ‘ಹದಿನೈದನೇ ಕ್ರಾಸಿನವನು’ ಎಂದರೆ ಆತ ಯಾರೆಂದು ಗೊತ್ತಾಗುವುದಿಲ್ಲ. ಊರಿನ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಅಂಕಿಗೆ ಇಲ್ಲದ ಜಾತಿ ನಕ್ಷೆಗೆ ಇತ್ತು. ಜೊತೆಯಲ್ಲೇ ಎದ್ದ ಬಸವನಗುಡಿಯಲ್ಲಿ ಯಾವ ಭಾಗ ಯಾವ ಜಾತಿ-ಮತದವರಿಗೆ ಎಂದು ಮೊದಲೇ ಗೊತ್ತುಮಾಡಿದ್ದರು. ಸೈಟು ಕೊಂಡು ನಿಯಮದಂತೆ ಮನೆ ಕಟ್ಟಿಸುವ ಶಕ್ತಿ ಇದ್ದವರು ಯಾರು? ಸರ್ಕಾರಿ ನೌಕರರು, ವಕೀಲರು, ಮಾಸ್ತರರು. ಪೇಟೆಯ ಕೂಲಿಗಾರ ಪೇಟೆಯಲ್ಲಿಯೇ ಉಳಿದ, ಅಲ್ಲಿಯೇ ಸತ್ತ.

ಹಿತ್ತಲ ಗೋಡೆಯ ಹಿಂದೆ ಇನ್ನೊಂದು ದಾರಿ ಇತ್ತು. ಅದನ್ನು ಕನ್ಸರ್ವೆನ್ಸಿ ಲೇನ್ ಎನ್ನುತ್ತಾರೆ. ಎರಡು ಸಾಲು ಮನೆಗಳ ಬೆನ್ನ ನಡುವಿನ ಸಂದು. ಮನೆಯ ಕಕ್ಕಸು ಆ ಸಂದಿಗೆ ಹೊಂದಿಕೊಂಡಿರುತ್ತಿತ್ತು. ಮಲ ಎತ್ತುವವರು ಆ ಸಂದಿನಿಂದಲೇ ಬಂದು, ಅಲ್ಲಿಂದಲೇ ಹೋಗಬೇಕು. ಮುಂಬಾಗಿಲಿನವರಿಗೆ ಅವರ ಮುಖ ಕಾಣಬಾರದು. ಇದನ್ನು ಯಾರೋ ಕಾಗದದ ಮೇಲೆ ಗೆರೆ ಎಳೆದು, ಅಳತೆ ಹಾಕಿ ಮಾಡಿದ್ದಾರೆ. ಹಳೆಯ ಊರಿನಲ್ಲಿ ಕೇರಿ ಊರ ಹೊರಗಿದ್ದರೆ, ಹೊಸ ಬಡಾವಣೆಯಲ್ಲಿ ಅದೇ ದೂರವನ್ನು ಮನೆಯ ಬೆನ್ನಿಗೆ ತಂದು ಕೂಡಿಸಿದರು.

ದೇವರಾಜ ಅರಸು ಅವರ ಸರ್ಕಾರದಲ್ಲಿ, 1970ರ ದಶಕದ ಆರಂಭದಲ್ಲಿ, ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಮುಂದಾದರು. ಅನಂತರ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕೇಂದ್ರ ಕಾಯಿದೆ ಬಂದವು. ಆದರೂ 2010ರ ಜುಲೈನಲ್ಲಿ ನಮ್ಮದೇ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ತಾವಿದ್ದ ಜಾಗದಿಂದ ತಮ್ಮನ್ನು ಒಕ್ಕಲೆಬ್ಬಿಸುತ್ತಾರೆ ಎಂಬುದು ಅವರ ಅಳಲು. ಒಂದು ಓಣಿಯಲ್ಲಿ ಇರುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ಅದಕ್ಕಿಂತ ನೇರವಾಗಿ ಯಾರೂ ಕೇಳಿಲ್ಲ. ಮಲ್ಲೇಶ್ವರದ ಕೆಲವು ಸಂದುಗಳನ್ನು ಈಚಿನ ವರ್ಷಗಳಲ್ಲಿ ಗುಡಿಸಿ, ಗೋಡೆಗೆ ಚಿತ್ರ ಬರೆದು ಚೆಂದ ಮಾಡಿದ್ದಾರೆ. ಒಳ್ಳೆಯದೇ. ಆ ಚಿತ್ರಗಳ ಪಕ್ಕದಲ್ಲಿ ಈ ಸಂದು ಯಾಕಿತ್ತು ಎಂದು ಎರಡು ಸಾಲು ಬರೆದರೆ ಇನ್ನೂ ಒಳ್ಳೆಯದು.

ಇನ್ನು, ನಕ್ಷೆಯಲ್ಲಿ ಇಲ್ಲದ್ದನ್ನು ಜನ ಹೇಗೆ ತಂದುಕೊಂಡರು ಎಂಬುದು. ಹೆದರಿ ಓಡಿಬಂದವರ ಬಡಾವಣೆಗೆ ಒಂದು ಗುಣ, ಒಂದು ಮುಖ ಬರಬೇಕಾದರೆ ಸಮಯ ಬೇಕು. ಮೊದಲಿಗೆ ಅದು ಮರ ಬೆಳೆಯದ ರಸ್ತೆಗಳ, ದೂರದೂರ ಮನೆಗಳ ಬೋಳು ಜಾಗವೇ ಆಗಿದ್ದಿರಬೇಕು. ಪೇಟೆಯ ಮನೆಯಲ್ಲಿ ಕಟ್ಟೆಯ ಮೇಲೆ ಕೂತು ಬೀದಿ ನೋಡುತ್ತಿದ್ದವರಿಗೆ ಇಲ್ಲಿ ಕಾಂಪೌಂಡು, ಗೇಟು ಅಡ್ಡ ಬಂದವು. ಅದಕ್ಕೆ ಜನ ಕಂಡುಕೊಂಡ ಉತ್ತರ ಮುಂದಿನ ವರಾಂಡ, ಅಲ್ಲಿ ಮರದ ಜಾಲರಿ, ಬೆತ್ತದ ಕುರ್ಚಿ. ‘ಮಂಕಿ ಟಾಪ್’ ಎಂದು ಕರೆಯುವ ಮೊನಚು ಮರದ ಚಾವಣಿಯ ಕಿಟಕಿಗಳು ಇಂಗ್ಲಿಷರ ಬಂಗಲೆಯಿಂದ ಬಂದರೂ ಅದರ ಕೆಳಗೆ ಹೂರಣ ರುಬ್ಬುವ ಒರಳು ಇತ್ತು.

ಎಂಟನೇ ಕ್ರಾಸಿನಲ್ಲಿ ಹೂವು, ಹಣ್ಣು, ಪೂಜೆ ಸಾಮಾನು, ಸೀರೆಯ ಅಂಗಡಿಗಳು ಬಂದವು. ಗೌರಿ-ಗಣೇಶ, ವರಮಹಾಲಕ್ಷ್ಮಿ ಬಂತೆಂದರೆ ಇಂದಿಗೂ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿಯ ದಿನಸಿ ಅಂಗಡಿಗಳಲ್ಲಿ ‘ಬ್ಯಾಡಗಿ’ ಎಂದರೆ ಊರಲ್ಲ, ಮೆಣಸಿನಕಾಯಿ. 2011ರಲ್ಲಿ ಅದಕ್ಕೆ ಭೌಗೋಳಿಕ ಮಾನ್ಯತೆ ಸಿಕ್ಕಿತು. ಅದನ್ನು ಕೊಳ್ಳುವವರಲ್ಲಿ ಆ ಹೆಸರಿನ ಊರು ನೋಡಿದವರು ಎಷ್ಟು ಮಂದಿಯೋ. 1930ರ ಆಸುಪಾಸಿನಲ್ಲಿ ಮಲ್ಲೇಶ್ವರಂ ಅಸೋಸಿಯೇಷನ್, ಕೆನರಾ ಯೂನಿಯನ್‌ನಂಥ ಸಂಘಗಳು ಹುಟ್ಟಿದವು. ಆಟ, ಓದು, ನಾಟಕ, ಸಂಗೀತಕ್ಕೆ ಜಾಗವಾಯಿತು. ಕರಾವಳಿಯ ಕೊಂಕಣಿ ಮಾತಿನವರು, ತಮಿಳರು, ತೆಲುಗರು, ಹಳೆ ಮೈಸೂರಿನವರು ಪಕ್ಕಪಕ್ಕದಲ್ಲಿ ಮನೆ ಮಾಡಿದರು. ಹತ್ತಿರದಲ್ಲೇ 1909ರಲ್ಲಿ ಸ್ಥಾಪನೆಯಾದ ಟಾಟಾ ಇನ್‌ಸ್ಟಿಟ್ಯೂಟ್ ಎದ್ದಿತು. ಅದರ ನಿರ್ದೇಶಕರಾಗಿ 1933ರಲ್ಲಿ ಬಂದ ಸಿ.ವಿ. ರಾಮನ್ ಅವರ ಮನೆ ‘ಪಂಚವಟಿ’ ಮಲ್ಲೇಶ್ವರದಲ್ಲಿದೆ. ಪಿಟೀಲು ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಭವನವೂ ಆ ಕಡೆಯೇ. ಅದು ಮುಗಿದದ್ದು 1980ರಲ್ಲಿ.

ಒಂದು ಜಾಗದ ಗುಣ ಅಲ್ಲಿಯ ಗಣ್ಯರ ಪಟ್ಟಿಯಿಂದ ತಿಳಿಯುತ್ತದೆ ಎಂದು ನಾನು ನಂಬುವವನಲ್ಲ. ಬೆಳಿಗ್ಗೆ ಹೂವಿನ ಬುಟ್ಟಿ ಇಳಿಸುವವಳನ್ನು ಅಂಗಡಿಯವರು ಹೆಸರು ಹಿಡಿದು ಮಾತಾಡಿಸುತ್ತಾರೆಯೆ, ಮುದುಕರೊಬ್ಬರು ಒಂದು ವಾರ ಕಾಣದಿದ್ದರೆ ಯಾರಾದರೂ ವಿಚಾರಿಸುತ್ತಾರೆಯೆ, ಎಂಬುದರಿಂದ ಹೆಚ್ಚು ತಿಳಿಯುತ್ತದೆ. ಮಲ್ಲೇಶ್ವರದಲ್ಲಿ ಇದು ಬಹುಕಾಲ ಇತ್ತು, ಇನ್ನೂ ಅಷ್ಟಿಷ್ಟು ಉಳಿದಿದೆ. ಆದರೆ ಸೈಟಿನ ಬೆಲೆ ಏರಿದಂತೆ ಹೆಂಚಿನ ಮನೆಗಳು ಬಿದ್ದು ಅಪಾರ್ಟ್‌ಮೆಂಟುಗಳು ಎದ್ದವು. ಅಣ್ಣತಮ್ಮಂದಿರು ನಾಲ್ಕು, ಮನೆ ಒಂದು. ಅದನ್ನು ಹಂಚುವುದು ಹೇಗೆ? ಮಾರಿ ಹಂಚಿಕೊಳ್ಳುವುದೇ ಸುಲಭ. ಸಂಪಿಗೆ ರಸ್ತೆಯ ತುದಿಯಲ್ಲಿ ಹಿಂದೆ ಗಿರಣಿ ಇದ್ದ ಜಾಗದಲ್ಲಿ 2010ರಲ್ಲಿ ದೊಡ್ಡ ಮಾಲ್ ತೆರೆಯಿತು. 2014ರಲ್ಲಿ ಮೆಟ್ರೋ ರೈಲು ಬಂತು. ಬದಲಾಗಬಾರದೆಂದು ಯಾರೂ ಹೇಳಲಾರರು. ಮಲ್ಲೇಶ್ವರವೇ ಒಂದು ಬದಲಾವಣೆಯಿಂದ ಹುಟ್ಟಿದ್ದು. ಹಳೆಯ ಮನೆ ಬೀಳುವುದಕ್ಕಿಂತ ಹೆಚ್ಚಿನ ನಷ್ಟ ಯಾವುದೆಂದರೆ, ಹೊಸ ಕಟ್ಟಡದ ನೆಲಮಹಡಿ ಪೂರ್ತಿ ಕಾರುಗಳಿಗೆ ಹೋಗುವುದು. ಕೂತು ಬೀದಿ ನೋಡುವ ಜಾಗವೇ ಇಲ್ಲದಾಗುತ್ತದೆ.

ಈ ಮಾತು ರಾಣೆಬೆನ್ನೂರಿಗೂ ಹಾವೇರಿಗೂ ಬಂದಿದೆ. 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಊರ ಸುತ್ತಿನ ಹೊಲಗಳು ಸೈಟುಗಳಾಗುತ್ತಿರುವುದು ನಿಮ್ಮ ಕಣ್ಣ ಮುಂದಿದೆ. ಕಲ್ಲು ನೆಟ್ಟು, ಕ್ರಾಸು ಅಳೆದು, ಅಂಕಿ ಬರೆದು ಮಾರುತ್ತಾರೆ. ಉದ್ಯಾನಕ್ಕೆ, ಸಾರ್ವಜನಿಕ ಬಳಕೆಗೆ ಜಾಗ ಬಿಡಬೇಕೆಂಬ ನಿಯಮ ಇದೆ. ಅದು ನಕ್ಷೆಯಲ್ಲಿ ಹಸಿರು ಬಣ್ಣವಾಗಿ ಇರುತ್ತದೆ. ನೆಲದ ಮೇಲೆಯೂ ಇದೆಯೇ ಎಂದು ಸೈಟು ಕೊಳ್ಳುವವರು ಒಮ್ಮೆ ಹೋಗಿ ನೋಡಬೇಕು.

ಯಾಕೆ ನೋಡಬೇಕು ಎಂಬುದಕ್ಕೆ ಮಲ್ಲೇಶ್ವರದಲ್ಲೇ ನಿದರ್ಶನವಿದೆ. ಕಾಡು ಮಲ್ಲೇಶ್ವರ ಗುಡಿಯ ಎದುರು ಒಂದು ಖಾಲಿ ಜಾಗವಿತ್ತು. ಅದು ಮಾರಾಟಕ್ಕೆ ಹೋಗುತ್ತದೆಂಬ ಸುದ್ದಿ ಹಬ್ಬಿದಾಗ ಅಲ್ಲಿಯ ಜನ ತಕರಾರು ತೆಗೆದರು. ಮೊದಲು ಅಗೆದು ನೋಡಿ ಎಂದು ಹಟ ಹಿಡಿದರು. 1997ರಲ್ಲಿ ಅಗೆದಾಗ ಮಣ್ಣಿನಡಿ ಮೆಟ್ಟಿಲುಗಳ ಕಲ್ಯಾಣಿಯೊಂದು ಸಿಕ್ಕಿತು. ನಂದಿಯ ಬಾಯಿಂದ ನೀರು ಬಂದು ಲಿಂಗದ ಮೇಲೆ ಬೀಳುತ್ತದೆ. ಅದನ್ನೀಗ ನಂದಿತೀರ್ಥ ಎನ್ನುತ್ತಾರೆ. ಅದು ಸಾವಿರಾರು ವರ್ಷ ಹಳೆಯದೆಂದು ಹೇಳುವವರಿದ್ದಾರೆ, ಅಷ್ಟು ದೂರ ಹೋಗುವ ಅಗತ್ಯವಿಲ್ಲ. ನೂರು ವರ್ಷದ ಹಿಂದೆ ಬೇರೆಬೇರೆ ಕಡೆಯಿಂದ ಓಡಿಬಂದು ನೆಲಸಿದವರ ಮೊಮ್ಮಕ್ಕಳು ಒಂದು ಖಾಲಿ ಸೈಟನ್ನು ತಮ್ಮದೆಂದು ತಿಳಿದು ಜಗಳಕ್ಕೆ ನಿಂತರು ಎಂಬುದೇ ನನಗೆ ಹೆಚ್ಚಿನ ಸಂಗತಿ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಪಕ್ಕ ಮೇಲುಸೇತುವೆ ಮಾಡುವ, ಅದಕ್ಕಾಗಿ ಮರ ಕಡಿಯುವ ಯೋಜನೆ ಬಂದಾಗ 2023ರಲ್ಲಿ ಅಂಥವರೇ ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬಂದರು.

ನಾನು ಹೇಳುವುದು ಮುಗಿಯಿತು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಗುಡಿಸಲು ಹಾಕಿದ ಮಾತನ್ನು ಅಜ್ಜ-ಅಜ್ಜಿಯರಿಂದ ಕೇಳಿದವರು ಈ ಸಭೆಯಲ್ಲಿ ಇರಬಹುದು. ಯಾವ ಹೊಲದಲ್ಲಿ ಹಾಕಿದ್ದರು, ಯಾವ ಓಣಿಯವರು ಎಲ್ಲಿ ಇದ್ದರು, ಕೇರಿಯವರು ಎಲ್ಲಿಗೆ ಹೋದರು, ನೀರು ಎಲ್ಲಿಂದ ತಂದರು, ಎಷ್ಟು ತಿಂಗಳಿಗೆ ಮರಳಿ ಮನೆಯ ಬೀಗ ತೆರೆದರು, ಇವನ್ನು ಹೇಳುವವರಿದ್ದರೆ ಮುಂದೆ ಬಂದು ಕೂಡಿರಿ. ಬರೆದುಕೊಳ್ಳಲು ಹಾಳೆ ತಂದಿದ್ದೇನೆ.